ನಲವತ್ತು ಕುರಿ, ಒಂದು ಹುಸಿ

ವೀಕ್ಷಾ ಮೊದಲ ಸಲ ಮಿಥುನನ ಕೈ ಹಿಡಿದದ್ದು ಪ್ರೀತಿಯಿಂದಲ್ಲ, ಅನುಮಾನದಿಂದ! ಚೆನ್ನೈನ ಗಿಂಡಿಯಲ್ಲಿರುವ ಪಶುರೋಗ ಲ್ಯಾಬಿನಲ್ಲಿ ಅವನು ಗ್ಲೌಸ್ ಇಲ್ಲದೆ ಲಸಿಕೆಯ ಫ್ರಿಜ್ಜಿಗೆ ಕೈ ಹಾಕಿದ್ದ.

ಅವಳು ಬೈದಳು. ಅವನು ಅವಳದೇ ಉಡುಪಿ ಧಾಟಿಯಲ್ಲಿ, ಕುರಿಯ ದನಿಯಲ್ಲಿ ಕ್ಷಮೆ ಕೇಳಿದ. ಅವಳು ನಕ್ಕುಬಿಟ್ಟಳು... ನಗಬಾರದಿತ್ತು.

ಮಿಥುನ್ ವೆಸ್ಟ್ ಮಾಂಬಲಂನಲ್ಲೇ ಬೆಳೆದವನು, ಮನೆತನ ಮಂಡ್ಯದ್ದು. ‘ಹ’ಕಾರಕ್ಕೂ ಅವನಿಗೂ ಹಗೆ, ಅವನ ಬಾಯಲ್ಲಾದರೆ ‘ಅಗೆ’.

ಇಬ್ಬರೂ ಸೇರಿ ಕುರಿ ಸಿಡುಬಿಗೆ ಹೊಸ ಲಸಿಕೆ ಸಿದ್ಧಪಡಿಸಿದರು. ಮಣಲಿಯಾಚೆಯ ಫಾರ್ಮಿನಲ್ಲಿ ನಲವತ್ತು ಕುರಿಗಳಿಗೆ ಅವನೇ ಕೊಟ್ಟ. ತಿಂಗಳ ನಂತರ, ರೋಗ ತಡೆಯುವ ಪ್ರತಿಕಾಯ ರಕ್ತದಲ್ಲಿ ಬಂದಿದೆಯೇ ಎಂದು ಅವನೇ ಪರೀಕ್ಷಿಸಿದ. ನಲವತ್ತೂ ಪಾಸ್. ವರದಿಗೆ ಅವಳ ಸಹಿಯೊಂದೇ ಬಾಕಿ.

ಸಹಿ ಹಾಕಬೇಕಿದ್ದ ಬೆಳಿಗ್ಗೆ ಅವನು ಫೋನಿನಲ್ಲಿ ತಾಯಿಗೆ ಹೇಳುತ್ತಿದ್ದುದರ ಕೊನೆಯ ಮಾತಷ್ಟೇ ಅವಳ ಕಿವಿಗೆ ಬಿತ್ತು.

“ಅವತ್ತು ನಲವತ್ತಕ್ಕೂ ಊಸಿ ಆಕ್ಬುಟ್ಟೆ ಅಮ್ಮ. ವೀಕ್ಷಾ ಅವ್ರಿಗೆ ಏಳ್ಬೇಡ.”

ಅವಳ ಮನಸ್ಸು ತಾನಾಗಿಯೇ ‘ಹ’ ಸೇರಿಸಿಕೊಂಡಿತು. ಹುಸಿ... ನಲವತ್ತಕ್ಕೂ ಸುಳ್ಳು ಅಂಕಿ ಹಾಕಿದನೇ? ಇದನ್ನು ನಂಬಿ ಲಸಿಕೆ ಹಾಕಿಸಿದ ಕುರಿಗಾಹಿಯ ಮಂದೆ ಸತ್ತರೆ?

ಸಹಿ ಮುಂದೂಡಿದಳು. ಯಾರಿಗೂ ಹೇಳದೆ ಫಾರ್ಮಿಗೆ ಹೋಗಿ ನಲವತ್ತೂ ಕುರಿಗಳ ರಕ್ತ ತಂದಳು. ಅವನು ತಂದಿಟ್ಟ ಟೀ ಮುಟ್ಟಲಿಲ್ಲ. ಪಕ್ಕೆ ಹಿಡಿದು ನಡೆಯುತ್ತಿದ್ದನಲ್ಲ, ಅದೂ ತಪ್ಪು ಮಾಡಿದವನ ನಡಿಗೆಯಂತೆ ಕಂಡಿತು.

ಮರುದಿನ ಮಧ್ಯಾಹ್ನ, ಪರೀಕ್ಷೆ ಮುಗಿಯುವ ಮೊದಲೇ, ತಡೆಯಲಾಗಲಿಲ್ಲ.

“ಎಂತ ಹುಸಿ ಹಾಕಿದ್ದು ನೀವು? ನನಗೆ ಹೇಳ್ಬಾರದಂಥದ್ದು?”

“ಊಸಿ ಮೇಡಂ. ಇಂಜೆಕ್ಷನ್. ತಮಿಳಲ್ಲಿ ಅಂಗೇ ಅಲ್ವಾ?”

ಅವಳ ಮುಖ ಕೆಂಪೇರಿತು. ಮತ್ತೆ ಗುಟ್ಟೇಕೆ ಎಂದಾಗ, ಪಕ್ಕೆಗೆ ಕಟ್ಟಿದ ಪಟ್ಟಿ ತೋರಿಸಿದ. ಅಂದು ಮೂರನೆಯ ಕುರಿಯ ಹೊತ್ತಿಗೇ ಟಗರೊಂದು ಗುದ್ದಿತ್ತು. ಬಿರುಕು ಬಿಟ್ಟ ಎಲುಬಿನಲ್ಲೇ ಉಳಿದ ಮೂವತ್ತೇಳನ್ನೂ ಮುಗಿಸಿದ್ದ. ತಿಳಿದರೆ ಅವಳು ಪ್ರಯೋಗ ನಿಲ್ಲಿಸಿಬಿಡುತ್ತಾಳೆಂಬ ಭಯ.

“ನಿಮ್ಮನ್ನು ನಂಬದೆ... ನಾನು ಮತ್ತೆ ರಕ್ತ ತೆಗೆದಿದ್ದೇನೆ,” ಎಂದಳು.

ಅವನ ನಗು ಆರಿತು. ಅವಳು ತಡಬಡಿಸಿ ವರದಿಗೆ ಪೆನ್ನು ಹಚ್ಚಿದಳು. ಅವನು ಆ ಕೈ ಹಿಡಿದು ನಿಲ್ಲಿಸಿದ.

“ಬ್ಯಾಡ. ರಿಸಲ್ಟ್ ನೋಡಿ ಸೈನ್ ಆಕಿ. ಕುರಿ ನನ್ ಮುಖ ನೋಡ್ಕೊಂಡು ಬದುಕಲ್ಲ.”

ಇಂಥವನನ್ನು ಅನುಮಾನಿಸಿದೆನೇ... ಅವಳ ಕಣ್ಣು ತುಂಬಿತು.

ಸಂಜೆ ಫಲಿತಾಂಶ ಬಂತು. ಇಬ್ಬರೂ ಒಂದೊಂದೇ ಸಾಲು ಓದಿದರು. ಒಂದೂ ಫೇಲಿಲ್ಲ. ಅವಳು ಸಹಿ ಮಾಡಿದಳು.

“ನಲವತ್ತೂ ನನ್ ಕಡೆ,” ಅವನು ಮೆಲ್ಲಗೆ ಕೇಳಿದ. “ನೀವು?”

“ನಲವತ್ತೊಂದು ಅಂತ ಬರ್ಕೊಳ್ಳಿ ಮಾರಾಯ್ರೆ.”