ಮೂಕವಾದ ಗಂಡಪೆಂಡೆರ

ಶಕ ವರ್ಷ ಸಾವಿರದ ನೂರ ನಲವತ್ತೆರಡು, ಚೈತ್ರ ಬಹುಳ ಪಂಚಮಿಯ ಮಧ್ಯಾಹ್ನ ಇದು ನಡೆಯಿತು.

ನಿಡುಗೋಟೆಯ ರಾಜಬೀದಿಯ ಚಪ್ಪಡಿಗಳು ಕಾದಿದ್ದವು. ಪಟ್ಟದಾನೆ ಗಜಶಾಲೆಯ ನೆರಳಿಗೆ ಸರಿದಿತ್ತು. ಹೂವಾಡಗಿತ್ತಿಯರು ಬುಟ್ಟಿಗಳಿಗೆ ಒದ್ದೆ ಬಟ್ಟೆ ಹೊದಿಸಿ ತೂಕಡಿಸುತ್ತಿದ್ದರು. ಆ ನಿಶ್ಶಬ್ದದಲ್ಲಿ ಬಿಲ್ಲಾಳು ಕೇತಮಲ್ಲನ ಎಡಗಾಲಿನ ಗಂಡಪೆಂಡೆರವೊಂದೇ ಘಲ್ಲೆನ್ನುತ್ತಿತ್ತು.

ತೊರೆಯ ದಡದ ಕಾಳಗದಲ್ಲಿ ತೋರಿದ ಪರಾಕ್ರಮಕ್ಕಾಗಿ ಅರಸರೇ ತೊಡಿಸಿದ ಕಡಗವದು. ವೀರನ ಪಕ್ಕದಲ್ಲಿ ಮಡಿದವರಿಗೆ ಒಂದೊಂದರಂತೆ ಅದರೊಳಗೆ ಹರಳು ಹಾಕುವುದು ಆ ನಾಡಿನ ಪದ್ಧತಿ, ಕೇತಮಲ್ಲನದರಲ್ಲಿ ಹನ್ನೊಂದಿದ್ದವು. ಅದರ ದನಿ ಕೇಳಿದರೆ ಅರಮನೆಯ ಯಾವ ಬಾಗಿಲೂ ಪ್ರಶ್ನೆಯಿಲ್ಲದೆ ತೆರೆಯಬೇಕು. ಜನ ಅದನ್ನು ಗೌರವವೆಂದರು. ಅವನಿಗೆ ಮಾತ್ರ ಪ್ರತಿ ಹೆಜ್ಜೆಗೂ ಸತ್ತವರು ಬೆನ್ನ ಹಿಂದೆ ಬರುತ್ತಿದ್ದರು. ನಿಂತರೆ ಅವರೂ ನಿಲ್ಲುತ್ತಿದ್ದರು.

ಇಂದು ಬೆನ್ನ ಹಿಂದೆ ಜೀವಂತರೂ ಇದ್ದರು: ಮಂತ್ರಿ ಸಿಂಗರಸ, ಉತ್ತರೀಯದೊಳಗೆ ಕಠಾರಿ ಅಡಗಿಸಿಕೊಂಡ ನಾಲ್ವರು. ಬೆಳಗ್ಗೆಯೇ ಮಂತ್ರಿ ಅವನನ್ನು ತನ್ನ ಮನೆಗೆ ಕರೆಸಿ, ಬಿಲ್ಲು ಕತ್ತಿ ತೆಗೆಸಿ, ಹೊರಬಿಡದೆ ಇರಿಸಿಕೊಂಡಿದ್ದ.

"ನೀನೇನೂ ಮಾಡಬೇಡ, ನಡೆದರೆ ಸಾಕು," ಎಂದಿದ್ದ ಸಿಂಗರಸ. "ಬಾಗಿಲು ತೆರೆಯುತ್ತದೆ. ಅರಸ ಊಟ ಮುಗಿಸಿ ಒಬ್ಬನೇ ಮಲಗಿರುತ್ತಾನೆ. ಅಂದು ನೆರವಿನ ಪಡೆ ಕಳಿಸದೆ ನಿನ್ನವರನ್ನು ಕೊಲ್ಲಿಸಿದವನು ಅವನೇ. ಮರೆತೆಯಾ?"

"ಮರೆಯಲು ಅವರು ಬಿಟ್ಟರಲ್ಲವೇ, ಒಡೆಯಾ."

ಮಂತ್ರಿಯ ಮಾತು ಸುಳ್ಳಾಗಿರಲಿಲ್ಲ. ಆದರೆ ಆ ಹನ್ನೊಂದು ಮಂದಿ ಅದೇ ಅರಸನ ಪ್ರಾಣ ಕಾಯುವೆವೆಂದು ಆಣೆಯಿಟ್ಟು ಸತ್ತವರು.

ಒಳಾಂಗಣದ ಹೊಸ್ತಿಲ ಬಳಿ ಕೇತಮಲ್ಲ ಕಲ್ಲುದೋಣಿಗೆ ಬಾಗಿ ಕಾಲು ತೊಳೆದ. ಬಿಲ್ಲಿನ ಹೆದೆಗೆ ಸವರುವ ಜೇನುಮೇಣದ ಉಂಡೆ ಅವನ ಸೊಂಟದಲ್ಲೇ ಉಳಿದಿತ್ತು. ಅದನ್ನು ಕಡಗದ ಸೀಳಿನೊಳಗೆ ಒತ್ತಿದ.

"ಮದುವಣಿಗನ ಹಾಗೆ ಉಜ್ಜುತ್ತೀಯಲ್ಲ. ಏಳು," ಎಂದ ಸಿಂಗರಸ.

ಕೇತಮಲ್ಲ ಎದ್ದು ನಡೆದ. ಮೊಟ್ಟಮೊದಲ ಬಾರಿಗೆ ಸತ್ತವರು ಸುಮ್ಮನಿದ್ದರು.

ಮುಚ್ಚಿದ ಬಾಗಿಲಾಚೆ ಕಾವಲುಗಾರ ಮಾಚ ಕಿವಿಗೊಟ್ಟ. ಹಲವು ಹೆಜ್ಜೆಗಳಿದ್ದವು, ಘಲ್ಲೆಂಬ ದನಿಯಿರಲಿಲ್ಲ. ಅವನು ಅಗುಳಿಯನ್ನು ಮುಟ್ಟಲಿಲ್ಲ.

"ಯಾರಲ್ಲಿ?"

"ಏಕೆ ದನಿಯಿಲ್ಲ?" ಸಿಂಗರಸ ಪಿಸುಗುಟ್ಟಿದ.

"ಅವರು ಬರಲೊಲ್ಲೆವೆಂದರು, ಒಡೆಯಾ," ಎಂದು ಕೇತಮಲ್ಲ ಬಾಗಿಲಿಗೆ ಬೆನ್ನು ಕೊಟ್ಟು ನಿಂತ. ಆಮೇಲೆ ಒಳಗಿನವನಿಗೆ ಕೇಳುವಂತೆ ಹೇಳಿದ: "ಮಾಚ, ತೆರೆಯಬೇಡ. ಜಾಗಟೆ ಬಾರಿಸು."

ಕಠಾರಿಗಳು ಹೊರಬಂದವು. ಜಾಗಟೆಯ ದನಿಗೆ ಪಹರೆಯವರು ಓಡಿಬಂದು ಮಂತ್ರಿಯನ್ನೂ ನಾಲ್ವರನ್ನೂ ಹಿಡಿದಾಗ ಕೇತಮಲ್ಲ ಬಾಗಿಲಿಗೆ ಒರಗಿಯೇ ಇದ್ದ. ಉಸಿರಿರಲಿಲ್ಲ.

ಮರುದಿನ ಅರಸ ಆ ಮೇಣವನ್ನು ತನ್ನ ಕೈಯಿಂದಲೇ ಕೆದಕಿ ತೆಗೆದು, ಒಂದು ಹರಳು ಸೇರಿಸಿ, ಕಡಗವನ್ನು ಮಾಚನ ಕಾಲಿಗೆ ತೊಡಿಸಿದ. ಮಾಚ ಒಂದು ಹೆಜ್ಜೆ ಇಟ್ಟು, ಹಿಂತಿರುಗಿ ನೋಡಿದ.

ಹರಳುಗಳು ಹನ್ನೆರಡು.