ರಾಗಿಯ ಕೊರಳ ನೀಲಿ ಪಟ್ಟಿ

"ಇದು ರಿವರ್ಕ್ ಆಗ್ಬೇಕು, ಡಾಕ್ಟ್ರೇ."

ಕೆಂಪರಾಜು ಬುಟ್ಟಿಯ ಮುಚ್ಚಳ ತೆಗೆದ. ಒಳಗೆ ಅವನ ಬೆಕ್ಕು ರಾಗಿ, ಕೊರಳಲ್ಲೊಂದು ನೀಲಿ ಪಟ್ಟಿ! ಬಿಡದಿಯಲ್ಲಿ ಹೊಸದಾಗಿ ಎದ್ದ ಕಾರು ಕಾರ್ಖಾನೆಯಲ್ಲಿ ಅವನದು ತಪಾಸಣೆಯ ಕೆಲಸ. ಕುಂದು ಕಂಡ ಬಿಡಿಭಾಗಕ್ಕೆ ಅವನು ಕಟ್ಟುವ ಪಟ್ಟಿಯೇ ಅದು.

ಪಶುವೈದ್ಯೆ ಲತಾಮಣಿಗೆ ಮೈ ಉರಿದುಹೋಯಿತು. ಮಾಗಡಿಯಲ್ಲಿ ಬೆಕ್ಕಿಗೆ ಇಂಥ ಆಪರೇಷನ್ ಮಾಡುವವರು ಇನ್ಯಾರಿದ್ದರು? ಗಡ್ಡೆ ಬೆಳೆದು ಕೀವು ಸೋರುತ್ತಿದ್ದ ಎಡಗಿವಿಯ ನಾಳವನ್ನು ಬುಡಸಮೇತ ತೆಗೆದು ರಾಗಿಯ ಜೀವ ಉಳಿಸಿದ್ದಳು. ಆ ದಿನ ತನ್ನ ಬೆನ್ನು ತಾನೇ ತಟ್ಟಿಕೊಂಡಿದ್ದಳು. ಈಗ ಈ ಮನುಷ್ಯ ಅದಕ್ಕೆ ಪಟ್ಟಿ ಕಟ್ಟಿ ತಂದಿದ್ದಾನೆ...

ಆದರೆ ರಾಗಿಯ ಎಡಗಣ್ಣು ಮುಚ್ಚುತ್ತಿರಲಿಲ್ಲ.

ನಾಳದ ಪಕ್ಕದಲ್ಲೇ ಹಾಯುವ ಮುಖದ ನರ ನೊಂದರೆ ಹೀಗಾಗುವುದುಂಟು, ಮೊದಲೇ ಹೇಳಿದ್ದೆನಲ್ಲ ಎಂದಳು. ನರ ಚೇತರಿಸಿಕೊಳ್ಳುವವರೆಗೆ ಕಣ್ಣು ಒಣಗಬಾರದು, ಒಣಗಿ ಹುಣ್ಣಾದರೆ ಕಣ್ಣೇ ಹೋಗುತ್ತದೆ ಎಂದೂ ಎಚ್ಚರಿಸಿದಳು.

"ನನ್ನ ಮೇಲೆ ನಂಬಿಕೆ ಇಲ್ದಿದ್ರೆ ಬೆಂಗಳೂರಿಗೆ ಕರ್ಕೊಂಡು ಹೋಗಿ."

ಅವನು ಹೋಗಲಿಲ್ಲ. ಶಿಫ್ಟ್ ಮುಗಿಸಿ, ಯೂನಿಫಾರ್ಮಿನಲ್ಲೇ ತನ್ನೂರು ಕಲ್ಯಕ್ಕೆ ಹೋಗಿ, ರಾಗಿಯನ್ನು ಬೈಕಿನಲ್ಲಿ ದಿನವೂ ಕರೆತಂದ. ಅವನು ಹಿಡಿದುಕೊಳ್ಳುತ್ತಿದ್ದ, ಅವಳು ಕಣ್ಣಿಗೆ ಹನಿ ಬಿಡುತ್ತಿದ್ದಳು. ಆ ಪಟ್ಟಿ ಕಂಡಾಗಲೆಲ್ಲ ಅವಳಿಗೆ ಚುಚ್ಚುತ್ತಿತ್ತು. ಅವನು ಬರುವುದು ತಡವಾದರೆ ಬಾಗಿಲಿಗೆ ಹೋಗಿ ನಿಲ್ಲುವ ತನ್ನ ಮೇಲಂತೂ ಇನ್ನೂ ಸಿಟ್ಟು.

'ನಿನ್ನ ಕೆಲಸದಲ್ಲಿ ಕೊಂಕು ತೆಗೆದವನಿಗೆ ಕಾಯ್ತೀಯಲ್ಲೇ, ಲತಾ...'

ಒಂದು ಸಂಜೆ ಹನಿ ಬಿಡುವ ಮೊದಲೇ ರಾಗಿ ಕಣ್ಣು ಮಿಟುಕಿಸಿತು. ಎರಡೂ ಕಣ್ಣು! ಹೆಮ್ಮೆಯಿಂದ ಲತಾಮಣಿಯ ಎದೆಯುಬ್ಬಿತು, ಕಣ್ಣು ತುಂಬಿ ಬಂತು.

"ಈಗಲಾದ್ರೂ ಆ ಪಟ್ಟಿ ಬಿಚ್ಚಿ. ನಾನು ಕೆಡಿಸ್ದೆ ಅಂತ ಊರಿಗೆಲ್ಲ ತೋರ್ಸಿದ್ದು ಸಾಕು."

ಕೆಂಪರಾಜು ತಬ್ಬಿಬ್ಬಾದ.

"ಅಯ್ಯೋ, ಕೆಟ್ಟೋಗಿದ್ದಕ್ಕೆ ಕಟ್ಟೋದು ಕೆಂಪು ಪಟ್ಟಿ ಡಾಕ್ಟ್ರೇ, ಅದು ಗುಜರಿಗೆ ಹೋಯ್ತದೆ. ನೀಲಿ ಅಂದ್ರೆ ಬೇರೆ ಯಾರೂ ಮುಟ್ಟಂಗಿಲ್ಲ, ಮಾಡಿದ ಕೈಗೇ ವಾಪಸ್ ಹೋಗ್ಬೇಕು ಅಂತ. ಮನೇರೆಲ್ಲ ಬೆಂಗಳೂರಿಗೆ ತಕೊಂಡೋಗು ಅಂದ್ರು. ನಿಮ್ ಕೈ ಬುಟ್ಟು ಬೇರೆ ಕೈ ಬ್ಯಾಡ ಅಂತ ಕಟ್ಟಿದ್ದೆ."

ಲತಾಮಣಿ ಆ ನೀಲಿ ಪಟ್ಟಿಯನ್ನು ಮತ್ತೊಮ್ಮೆ ನೋಡಿದಳು. ಇಷ್ಟು ದಿನ ಬೈಗುಳವೆಂದು ಓದಿಕೊಂಡಿದ್ದು ತನಗೆ ಕೊಟ್ಟ ಬಿರುದಾಗಿತ್ತೇ...

ಅವನು ಪಟ್ಟಿ ಬಿಚ್ಚಿದ. ಬುಟ್ಟಿ ಮಾತ್ರ ಎತ್ತಿಕೊಳ್ಳಲಿಲ್ಲ.

"ನಾಳೆಯಿಂದ ಬರಕ್ಕೆ ನೆಪ ಇಲ್ವಲ್ಲ... ಅದೇ ಒಸಿ ಬೇಜಾರು."

ಲತಾಮಣಿ ಆ ಪಟ್ಟಿಯನ್ನು ತೆಗೆದುಕೊಂಡು ಅವನ ಅಂಗಿಯ ಗುಂಡಿಗೆ ಕಟ್ಟಿದಳು.

"ಬೇರೆ ಯಾರೂ ಮುಟ್ಟಂಗಿಲ್ಲ ಅಂದ್ರಲ್ಲ?"

"ಹೂಂ."

"ನೆನಪಿರ್ಲಿ."