ನಾಲ್ಕೂವರೆ ಗಂಟೆಯ ಕರೆಂಟು

ನರಸಿಂಹಪ್ಪ ಪಂಪ್‌ಮನೆಯ ಮುಂದೆ ಕೆಸರಿನಲ್ಲಿ ಬೋರಲು ಬಿದ್ದಿದ್ದ. ಮೋಟಾರು ಇನ್ನೂ ಓಡುತ್ತಿತ್ತು. ಶಿಡ್ಲಘಟ್ಟದ ಎಸ್‌ಐ ಗೌತಮಿ ಬರುವಷ್ಟರಲ್ಲಿ ಊರು ತೀರ್ಪು ಕೊಟ್ಟಾಗಿತ್ತು: ಸ್ಟಾರ್ಟರ್ ಡಬ್ಬಿಯಲ್ಲಿ ಕರೆಂಟು ಹೊಡೆಯುವಂತೆ ಮಾಡಿ ಅಣ್ಣನನ್ನು ಕೊಂದವನು ತಮ್ಮ ರಮೇಶ್‌ಬಾಬು. ನೀರಿಗಾಗಿ ಎರಡು ಮನೆಗಳ ಜಗಳ ಹೊಸದಲ್ಲ. ಹೆಣವನ್ನು ಮೊದಲು ಕಂಡು ಕೂಗಿದವನೂ ಅವನೇ.

ಊರಿಗೇನು, ಬಾಯಿಗೆ ಬೀಗವಿಲ್ಲ. ಗೌತಮಿ ಮೋಟಾರು ನಿಲ್ಲಿಸಿ ಡಬ್ಬಿ ಬಿಚ್ಚಿ ನೋಡಿದಳು. ಯಾವ ದೋಷವೂ ಇರಲಿಲ್ಲ. ಆದರೆ ಪೈಪಿನ ಕಬ್ಬಿಣದ ವಾಲ್ವಿಗೆ ಕರಗಿದ ತಾಮ್ರದ ಎಳೆಯೊಂದು ಅಂಟಿತ್ತು. ಯಾರೋ ವೈರು ಕಟ್ಟಿ, ಆಮೇಲೆ ಕಿತ್ತಿದ್ದರು. ಅವಳು ಅದನ್ನು ಯಾರಿಗೂ ಹೇಳಲಿಲ್ಲ.

*

"ಒಂದೇ ಬೋರು, ಎರಡು ತೋಟ. ನೀರು ಹೆಂಗ್ ಹಂಚ್ಕೊಂತೀರಪ್ಪ?"

"ತ್ರೀ ಫೇಸ್ ಕರೆಂಟ್ ನಾಲ್ಕೂವರೆ ಗಂಟೆ ಇರುತ್ತೆ ಮೇಡಂ," ಅಂದ ರಮೇಶ್‌ಬಾಬು. "ಮೊದಲು ಅಣ್ಣಂದು, ಆಮೇಲೆ ನಂದು. ಸರದಿ ಬಂದೋರು ವಾಲ್ವ್ ತಿರುಗಿಸಿ ನೀರು ತಮ್ ತೋಟಕ್ಕೆ ಬಿಟ್ಕೊಬೇಕು."

"ಇವತ್ತು ತಿರುಗಿಸಿದ್ಯಾ?"

"ಇಲ್ಲ. ನಾನ್ ಬರೋಷ್ಟರಲ್ಲಿ ಅಣ್ಣ..."

ಗೌತಮಿ ಯೋಚಿಸಿದಳು. ಅಣ್ಣನ ಸರದಿ ನಡೆಯುವಾಗ ವಾಲ್ವಿಗೆ ವೈರು ಕಟ್ಟಿದರೆ, ಮುಂದೆ ಅದನ್ನು ಮುಟ್ಟಬೇಕಾದವನು ತಮ್ಮ. ತನಗೆ ತಾನೇ ಯಾರಾದರೂ ಗುಂಡಿ ತೋಡುತ್ತಾರೆಯೇ? ಹಾಗಾದರೆ ಅಣ್ಣನ ಕೈ ಅಲ್ಲಿಗೆ ಯಾಕೆ ಹೋಯಿತು?

*

ಮನೆಯಲ್ಲಿ ರೇಷ್ಮೆಹುಳಗಳು ಹಿಪ್ಪುನೇರಳೆ ಸೊಪ್ಪಿಲ್ಲದೆ ತಲೆಯೆತ್ತಿ ಹುಡುಕುತ್ತಿದ್ದವು. ನರಸಿಂಹಪ್ಪನ ಹೆಂಡತಿ ಕದಿರಮ್ಮ ಗೋಡೆಗೊರಗಿ, ಸತ್ತ ಗಂಡನ ಜೊತೆಗೇ ಮಾತಾಡುತ್ತಿದ್ದಳು.

"ಇನ್ನೂ ಕಾಲು ಗಂಟೆ ಇತ್ತಲ್ಲ. ವಾಲ್ವ್ ಯಾಕ್ ಮುಟ್ಟಿದ್ರಿ?"

ಗೌತಮಿ ಅವಳ ಪಕ್ಕ ಕೂತಳು. ಆ ಗಳಿಗೆ ತನ್ನ ಕೆಲಸವೇ ಬೇಡವೆನಿಸಿತು.

"ಸ್ಟಾರ್ಟರ್ ಅಂತ ಊರೆಲ್ಲ ಹೇಳ್ತಿದೆ. ವಾಲ್ವ್ ಅಂತ ನಿಮಗೆ ಯಾರು ಹೇಳಿದ್ರಮ್ಮ?"

ಕದಿರಮ್ಮ ಸೆರಗನ್ನು ಬಾಯಿಗೊತ್ತಿಕೊಂಡಳು. ಆಮೇಲೆ ಸೆರಗು ಸರಿಸಿ ಹೇಳಿದಳು. "ನಮ್ ಸೊಪ್ಪು ಒಣಗ್ತಿತ್ತು, ಮೈದುನಂದು ಹಸುರಾಗಿತ್ತು. ನೀರು ಕದೀತಾನೆ ಅಂದ್ಕೊಂಡೆ. ಒಂದು ಶಾಕ್ ಹೊಡೆದ್ರೆ ಬುದ್ಧಿ ಬರುತ್ತೆ ಅಂತ ವಾಲ್ವಿಗೆ ವೈರು ಕಟ್ಟಿದೆ. ಇವ್ರು ಬಿದ್ದಿದ್ ನೋಡಿ ಕೋಲಲ್ಲಿ ಕಿತ್ತಾಕ್ದೆ. ಕೂಗೋಕೂ ಬಾಯಿ ಬರ್ಲಿಲ್ಲ."

ಬಾಗಿಲಲ್ಲಿ ನಿಂತು ಕೇಳುತ್ತಿದ್ದ ರಮೇಶ್‌ಬಾಬು ಒಳಗೆ ಬಂದ.

"ಕದೀಲಿಲ್ಲ ಅತ್ತಿಗೆ. ತನಗೆ ಎರಡು ಗಂಟೆ ನೀರು ಸಾಕು ಅಂತ ಅಣ್ಣನೇ ದಿನಾ ಬಂದು ತಿರುಗಿಸ್ತಿದ್ದ. 'ನಾಲ್ಕರಲ್ಲಿ ಎರಡು ನಂದು, ಎರಡು ನಿಂದು. ಮಿಕ್ಕ ಅರ್ಧ ಗಂಟೇನ ಭಾಗ ಮಾಡೋಕೆ ನಂಗೆ ಬರಲ್ಲ ಕಣೋ, ನೀನೇ ಇಟ್ಕೊ' ಅಂತಿದ್ದ. ಪಾಪ, ಲೆಕ್ಕ ಬರಲ್ಲ ಅಂತ ನಾನೂ ಸುಮ್ನಿದ್ದೆ."

ಗೌತಮಿಗೆ ಕೊನೆಯ ಗಂಟು ಬಿಚ್ಚಿತು. ಹೆಂಡತಿಯ ಲೆಕ್ಕದಲ್ಲಿ ಗಂಡನ ಸರದಿ ಎರಡೂಕಾಲು ಗಂಟೆ. ಅಷ್ಟರವರೆಗೆ ಅವನು ವಾಲ್ವಿನ ಹತ್ತಿರ ಸುಳಿಯುವುದಿಲ್ಲವೆಂದು ನಂಬಿದ್ದಳು. ಅವನು ತಮ್ಮನಿಗೆ ಬಿಟ್ಟುಕೊಟ್ಟ ಆ ಕಾಲು ಗಂಟೆಯಲ್ಲೇ ಜೀವ ಹೋಗಿತ್ತು.

ಕದಿರಮ್ಮ ಮೈದುನನನ್ನೇ ನೋಡುತ್ತಿದ್ದಳು.

"ಅವರಿಗೆ ಲೆಕ್ಕ ಬರ್ತಿತ್ತು ಕಣಪ್ಪ," ಅಂದಳು. "ನಾಲ್ಕೂವರೆ ಅಂದ್ರೆ ಒಂಬತ್ತು ಅರ್ಧ. ಎರಡರಿಂದ ಭಾಗಿಸಿದ್ರೆ ಒಂಬತ್ತು ಕಾಲು. ಅಂದ್ರೆ ಎರಡೂಕಾಲು. ಓದು ಬರದ ನಂಗೆ ಅದನ್ನ ಹೇಳ್ಕೊಟ್ಟೋರೇ ಅವರು."